ಏರ್ ಪಿಸ್ತೂಲ್‌ನಲ್ಲಿ ಕೈ ಕುದುರಿದೆ. ಕಣ ಕಾಯಲು ರಿವಾಲ್ವರ್ ಹಿಡಿದರೆ ಇದೇ ಕೈ ಸಾಕೇ?

ನೀವು ಕೇಳಿರುವುದು ಇಷ್ಟು: ಆರು ತಿಂಗಳಿಂದ 10 ಮೀಟರ್ ಏರ್ ಪಿಸ್ತೂಲ್ ಹೊಡೆಯುತ್ತಿದ್ದೀರಿ, ಒಂಬತ್ತು ಹತ್ತು ಅಂಕ ಬೀಳತೊಡಗಿವೆ. ಕುರುಗೋಡಿನ ಹತ್ತಿರ ಹೊಲ, ಒಣಹಾಕಿದ ಮೆಣಸಿನಕಾಯಿಗೆ ರಾತ್ರಿ ಕಾವಲು ಹೋಗಬೇಕು, ಕಳ್ಳರ ಭಯ. ರಿವಾಲ್ವರ್ ಲೈಸೆನ್ಸ್ ಮಾಡಿಸಿದರೆ ಈಗಿನ ಅಭ್ಯಾಸವೇ ಸಾಕಾ, ಬೇರೆ ತರಬೇತಿ ಬೇಕಾ?

ಸಾಕಾಗಲ್ಲ. ನಾನು 17 ವರ್ಷ ಸೈನ್ಯದಲ್ಲಿದ್ದು ಬಂದವನು. ಈಗ ಬಳ್ಳಾರಿಯ ಒಂದು ಬ್ಯಾಂಕಿನ ಬಾಗಿಲಲ್ಲಿ ಡಬಲ್ ಬ್ಯಾರೆಲ್ ಹಿಡಿದು ನಿಲ್ಲುತ್ತೇನೆ. ಅಣ್ಣನ ಮಗಳಿಗೆ ನಿಮ್ಮ ಹಾಗೇ ಏರ್ ಪಿಸ್ತೂಲಿನ ಹುಚ್ಚು. ಹಾಗಾಗಿ ಎರಡೂ ವಿದ್ಯೆ ನಮ್ಮ ಮನೆಯಲ್ಲೇ ಜಗಳವಾಡಿಕೊಂಡಿವೆ.

ಮೊದಲ ಸಲ ಅವಳ ಪಿಸ್ತೂಲು ಕೈಗೆ ಬಂದಾಗ ಅಭ್ಯಾಸಬಲದಿಂದ ಎರಡೂ ಕೈಯಲ್ಲಿ ಹಿಡಿದು, ಮೊಣಕಾಲು ತುಸು ಬಗ್ಗಿಸಿ, ಗುರಿಗೆ ಎದೆ ಕೊಟ್ಟು ನಿಂತೆ. ಹೊಟ್ಟೆ ಹಿಡಿದುಕೊಂಡು ನಕ್ಕಳು. "ಚಿಕ್ಕಪ್ಪಾ, ಕುಸ್ತಿಗೆ ನಿಂತೀಯೇನು? ಒಂದೇ ಕೈಲಿ ಹಿಡಿ, ಇನ್ನೊಂದು ಜೇಬಿಗಿಡು" ಅಂದಳು. ಐದು ಹೊಡೆದೆ. ಗುರಿಯ ಕಪ್ಪಿನೊಳಗೇನೋ ಬಿದ್ದವು, ಎಂಟು ದಾಟಿದ್ದು ಒಂದೂ ಇಲ್ಲ. ಹತ್ತು ಅಂಕ ಕೊಡುವ ಆ ನಡುವಿನ ವೃತ್ತ ಬರೀ 11.5 ಮಿಲಿಮೀಟರ್, ಹೆಚ್ಚುಕಡಿಮೆ ಅಂಗಿಯ ಗುಂಡಿಯಷ್ಟು. ಟ್ರಿಗರ್‌ನ ಬಿಗಿ ನಿಯಮದ ಪ್ರಕಾರ ಕನಿಷ್ಠ 500 ಗ್ರಾಂ ಇರಬೇಕು. ನನ್ನ ಬೆರಳಿಗೆ ಅದು ಬಿಗಿ ಅಂತಲೇ ಅನಿಸಲಿಲ್ಲ, ಮುಟ್ಟುವಷ್ಟರಲ್ಲಿ ಹಾರಿಹೋಯಿತು. ರಿವಾಲ್ವರ್‌ನಲ್ಲಿ ಕುದುರೆ (ಹಿಂದಿನ ಹ್ಯಾಮರ್) ಎಳೆಯದೆ ನೇರವಾಗಿ ಟ್ರಿಗರ್ ಒತ್ತಿ ನೋಡಿ, ಅದಕ್ಕಿಂತ ಎಷ್ಟೋ ಪಟ್ಟು ಬಿರುಸು. ನಿಮ್ಮ ನಯವಾದ ಬೆರಳಿಗೆ ಅದು ಒಗ್ಗುವುದಕ್ಕೇ ದಿನ ಬೇಕು. ಅದರ ಮೇಲೆ ಸದ್ದು, ಒದೆತ. ಮನಸೋ ಇಚ್ಛೆ ಅಭ್ಯಾಸ ಮಾಡೋಣವೆಂದರೆ ವರ್ಷಕ್ಕೆ ಇಷ್ಟೇ ತೋಟಾ ಅಂತ ಲೈಸೆನ್ಸಿನಲ್ಲೇ ಮಿತಿ ಹಾಕಿರುತ್ತಾರೆ.

ಆದರೆ ದೊಡ್ಡ ವ್ಯತ್ಯಾಸ ಹಿಡಿತದ್ದಲ್ಲ, ಗಳಿಗೆಯದ್ದು. ನಮ್ಮ ಹುಡುಗಿಗೆ 60 ಗುಂಡಿಗೆ ಒಂದೂಕಾಲು ಗಂಟೆ ಸಮಯ. ಕೈ ಎತ್ತುತ್ತಾಳೆ, ಸರಿ ಕೂರಲಿಲ್ಲವೆಂದರೆ ಇಳಿಸುತ್ತಾಳೆ, ಉಸಿರು ತೆಗೆದುಕೊಂಡು ಮತ್ತೆ ಎತ್ತುತ್ತಾಳೆ. ಯಾವಾಗ ಹೊಡೆಯಬೇಕೆಂದು ಅವಳೇ ಆರಿಸುತ್ತಾಳೆ. ಕಣದಲ್ಲಿ ಆ ಗಳಿಗೆಯನ್ನು ಆರಿಸುವವನು ಕಳ್ಳ.

ಒಂದು ಭಾನುವಾರ ಪಂಥ ಕಟ್ಟಿದೆ. ಮಾಳಿಗೆ ಮೇಲೆ ಹತ್ತು ಮೀಟರ್ ಅಳೆದು, ಗುರಿಯ ಹಿಂದೆ ಮರಳಿನ ಚೀಲ ಪೇರಿಸಿಟ್ಟಿದ್ದಾಳೆ. ಕೆಳಗಿನಿಂದ ಮೆಟ್ಟಿಲು ಹತ್ತು ಸಲ ಓಡಿ ಹತ್ತು, ನಾನು 'ಹೂಂ' ಅಂದ ಮೇಲೆ ಐದು ಎಣಿಸುವುದರೊಳಗೆ ಹೊಡೆ ಅಂದೆ. ಮೊದಲನೆಯದು ಬಿಳಿಗೆ ಬಿತ್ತು, ಎರಡನೆಯದು ಕಾರ್ಡಿನ ಅಂಚಿಗೆ, ಮೂರನೆಯದು ಮರಳಿಗೆ. ಮುಂದಿನ ಸೈಟು, ಅಂದರೆ ನಳಿಗೆಯ ತುದಿಯ ಗುರಿಗುರುತು, ಕಾಣಲೇ ಇಲ್ಲವಂತೆ. ನಿಮಗೂ ಗೊತ್ತಲ್ಲ, ಪಿಸ್ತೂಲಿನಲ್ಲಿ ಸೈಟು ನಿಚ್ಚಳ ಇರಬೇಕು, ಗುರಿ ಮಸುಕಾದರೂ ನಡೆಯುತ್ತದೆ. ಜೀವಭಯದಲ್ಲಿ ಇದು ತಿರುವುಮುರುವು: ಕಣ್ಣು ಎದುರಿನವನ ಕೈಗೆ ಅಂಟಿಕೊಂಡು ಬಿಡುತ್ತದೆ, ಸೈಟು ಮಾಯ. ಆತ್ಮರಕ್ಷಣೆಯ ತರಬೇತಿಯಲ್ಲಿ ಕೆಲವೇ ಹೆಜ್ಜೆ ದೂರದ ಗುರಿಯನ್ನು ಎರಡು ಕೈಯಲ್ಲಿ, ನಡೆಯುತ್ತಾ, ಮರೆಗೆ ಸರಿಯುತ್ತಾ, ಕತ್ತಲಲ್ಲಿ ಬ್ಯಾಟರಿ ಹಿಡಿದು ಹೊಡೆಸುವುದು ಇದಕ್ಕೇ.

ಸ್ಪರ್ಧೆಯಲ್ಲೂ ವೇಗ ಇದೆಯಲ್ಲ ಅಂತೀರಿ. ಇದೆ. 25 ಮೀಟರ್ ರ‍್ಯಾಪಿಡ್ ಫೈರ್‌ನಲ್ಲಿ ಐದು ಗುರಿಗೆ ಐದು ಗುಂಡು, ಮೊದಲು 8 ಸೆಕೆಂಡ್, ಆಮೇಲೆ 6, ಕೊನೆಗೆ 4. ನಮ್ಮ ಸೈನ್ಯದ ಸುಬೇದಾರ್ ವಿಜಯ್ ಕುಮಾರ್ 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದದ್ದು ಅದರಲ್ಲೇ. ಅಲ್ಲಿಯೂ ಗುರಿ ಇದ್ದಲ್ಲೇ ಇರುತ್ತದೆ, ಅದರ ಹಿಂದೆ ಯಾರ ಮಕ್ಕಳೂ ಮಲಗಿರುವುದಿಲ್ಲ.

ಹಾಗಂತ ನಿಮ್ಮ ಆರು ತಿಂಗಳು ನೀರಿಗೆ ಹೋಗಲಿಲ್ಲ. ಸೈನ್ಯದಲ್ಲೂ ಮೊದಲು ಮಲಗಿಸಿ ಗ್ರೂಪಿಂಗ್ (ಗುಂಡೆಲ್ಲ ಒತ್ತೊತ್ತಾಗಿ ಒಂದೇ ಕಡೆ ಬೀಳುವ ಹಾಗೆ) ಹೊಡೆಸುತ್ತಾರೆ, ಕ್ಷಣ ಕಂಡು ಮರೆಯಾಗುವ ಗುರಿಯ ಸ್ನ್ಯಾಪ್ ಶೂಟಿಂಗ್ ಆಮೇಲೆ. ಅಕ್ಷರ ತಿದ್ದದೆ ಓದು ಎಲ್ಲಿ? ನಳಿಗೆಯ ಬಾಯಿ ಯಾರ ಕಡೆಗೂ ತಿರುಗದಂತೆ ಹಿಡಿಯುವುದು, ಬೆರಳನ್ನು ಟ್ರಿಗರ್‌ನಿಂದ ಹೊರಗಿಡುವುದು ಎರಡೂ ಕಡೆ ಒಂದೇ. ಎಲ್ಲಕ್ಕಿಂತ ಮುಖ್ಯ, ಎತ್ತಿದ ಕೈ ಇಳಿಸುವುದು. ನಮ್ಮ ಉಸ್ತಾದರು ಅದನ್ನು ಬೈದು ಬೈದು ಕಲಿಸಿದರು, ನಿಮಗೆ ಆಟದಲ್ಲೇ ಬಂದಿದೆ.

ಇನ್ನು ಕಾನೂನು. 4.5 ಮಿಲಿಮೀಟರ್ ಏರ್ ಪಿಸ್ತೂಲು ಲೈಸೆನ್ಸ್ ಇಲ್ಲದೆ ಸಿಕ್ಕಿತು ಅಂತ ರಿವಾಲ್ವರ್ ಹಾಗೆ ಸಿಗಲ್ಲ. ಸುರಕ್ಷತಾ ತರಬೇತಿಯ ಪ್ರಮಾಣಪತ್ರ, ಪೊಲೀಸ್ ವರದಿ ಎಲ್ಲ ಆಗಬೇಕು. ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲೂ ಹಳೆಯ ಮಾತೇ ಇದೆ: ಸ್ವತ್ತು ಕಾಪಾಡಿಕೊಳ್ಳುವ ಹಕ್ಕು ಉಂಟು, ಆದರೆ ಬರೀ ಕಳ್ಳತನಕ್ಕೆ ಪ್ರಾಣ ತೆಗೆಯುವ ಹಕ್ಕಿಲ್ಲ. ಜೀವ ಹೋಗುವ, ಇಲ್ಲವೇ ತೀವ್ರ ಗಾಯವಾಗುವ ಭಯಕ್ಕೆ ಕಾರಣವಿದ್ದರೆ ಮಾತು ಬೇರೆ. ಮೆಣಸಿನಕಾಯಿ ಚೀಲ ಹೊತ್ತು ಓಡುವವನ ಬೆನ್ನಿಗೆ ಹೊಡೆದರೆ ಜೈಲಿಗೆ ಹೋಗುವವರು ನೀವೇ.

ನಾಲ್ಕು ವರ್ಷದ ಹಿಂದೆ ಸಿರುಗುಪ್ಪ ಕಡೆಯ ನಮ್ಮ ಕಣದಲ್ಲಿ ನಾನೂ ಬಂದೂಕು ಇಟ್ಟುಕೊಂಡೇ ಮಲಗಿದ್ದೆ. ರಾತ್ರಿ ಎರಡರ ಸುಮಾರಿಗೆ ಮೋಟಾರು ಶೆಡ್ಡಿನ ಹತ್ತಿರ ತಗಡು ಸದ್ದಾಯಿತು. ಎದ್ದವನು ಬಂದೂಕು ತೆಗೆದುಕೊಂಡೆ. ಹೆಬ್ಬೆರಳು ಸೇಫ್ಟಿ ಮೇಲೆ ಹೋದದ್ದು ನನಗೇ ಗೊತ್ತಾಗಲಿಲ್ಲ. ಬಾಯಿ ಒಣಗಿತ್ತು. ಕಪ್ಪಗೆ ಒಂದು ಆಕಾರ, ಕೈಯಲ್ಲಿ ಉದ್ದದ್ದೇನೋ. "ಯಾರಲೇ ಅದು?" ಅಂತ ಕೂಗಿ ಬ್ಯಾಟರಿ ಬಿಟ್ಟೆ. "ನಾನು ಮಾವಾ, ತ್ರೀ ಫೇಸ್ ಬಂತಂತ ಮೋಟ್ರು ಚಾಲೂ ಮಾಡಕ್ಕ ಬಂದೀನಿ" ಅಂದಿತು ಆಕಾರ. ಪಕ್ಕದ ಹೊಲದವರ ಹುಡುಗ, ಆಗ ಹತ್ತನೇ ಕ್ಲಾಸು. ಕೈಯಲ್ಲಿದ್ದದ್ದು ಹಾವಿನ ಭಯಕ್ಕೆ ಹಿಡಿದ ಕೋಲು.

ಈಗ ಕಣಕ್ಕೆ ಬಂದೂಕು ಒಯ್ಯಲ್ಲ. ದೊಡ್ಡ ಬ್ಯಾಟರಿ, ಒಂದು ಸೀಟಿ, ಜೊತೆಗೊಬ್ಬ ಆಳು, ಸುತ್ತಲಿನ ನಾಲ್ಕು ಕಣದವರ ಫೋನ್ ನಂಬರು.