ನೋವು ನುಂಗಿಕೊಂಡು ಸುಮ್ನೆ ಇರಬೇಡಿ

ಪ್ರಶ್ನೆ: ನನಗೆ 53 ವರ್ಷ. ಎರಡು ವರ್ಷದ ಹಿಂದೆ ಕ್ಯಾನ್ಸರ್ ಅಂತ ಎಡಗಡೆಯ ಸ್ತನ ತೆಗೆದರು. ಕೀಮೋ, ರೇಡಿಯೇಶನ್ ಎಲ್ಲ ಮುಗಿಯಿತು. ಈಗ ದಿನಾ ಒಂದು ಲೆಟ್ರೋಜೋಲ್ ಮಾತ್ರೆ ನುಂಗುತ್ತಿದ್ದೇನೆ. ನೋಡಿದವರೆಲ್ಲ 'ಗೆದ್ದು ಬಂದೆ' ಅನ್ನುತ್ತಾರೆ. ಆದರೆ ಗಂಡನ ಜೊತೆ ಸೇರುವಾಗ ಬ್ಲೇಡಿನಿಂದ ಗೀರಿದ ಹಾಗೆ ಉರಿ. ಎರಡು ಸಲ ರಕ್ತವೂ ಕಾಣಿಸಿತು. ಆಮೇಲೆ ಅವರು ನನ್ನನ್ನು ಮುಟ್ಟುವುದಕ್ಕೇ ಹೆದರುತ್ತಾರೆ. ಕ್ಯಾನ್ಸರ್ ಡಾಕ್ಟರ ಹತ್ತಿರ ಹೇಳಲು ನಾಚಿಕೆ. ಜೀವ ಉಳಿದಿರುವಾಗ ಇದನ್ನೂ ಕೇಳುವುದು ದುರಾಸೆ ಅಲ್ವಾ ಮೇಡಂ? ಮಾತ್ರೆ ನಿಲ್ಲಿಸಿದರೆ ಸರಿಹೋಗುತ್ತಾ?

ಉತ್ತರ: ದುರಾಸೆ ಅಲ್ಲಮ್ಮ. ಮೊಣಕಾಲು ನೋಯುತ್ತದೆ ಅಂತ ಡಾಕ್ಟರ ಹತ್ತಿರ ಹೋದವರನ್ನು ಯಾರಾದರೂ ದುರಾಸೆಯವರು ಅನ್ನುತ್ತಾರಾ? ಇದೂ ಮೈಯ ಒಂದು ನೋವು. ಇದಕ್ಕೆ ಕಾರಣ ಗೊತ್ತಿದೆ, ಚಿಕಿತ್ಸೆಯೂ ಇದೆ.

ಮಾತ್ರೆಯನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ. ಇಷ್ಟು ಗಟ್ಟಿಯಾಗಿ ಹೇಳಲು ಕಾರಣವಿದೆ. ಕೆಲವು ವರ್ಷಗಳ ಹಿಂದೆ ನಿಮ್ಮ ವಯಸ್ಸಿನವರೇ ಒಬ್ಬರು ನನ್ನ ಹತ್ತಿರ ಬರುತ್ತಿದ್ದರು. ಅವರದೂ ಲೆಟ್ರೋಜೋಲ್. ಬಂದಾಗಲೆಲ್ಲ 'ಮಾತ್ರೆ ತಗೊಳ್ತಿದ್ದೀರಾ?' ಅಂತ ಕೇಳುತ್ತಿದ್ದೆ, 'ಹೂಂ' ಅನ್ನುತ್ತಿದ್ದರು. ಒಂದು ದಿನ ರಿಪೋರ್ಟ್ ತೆಗೆಯಲು ಚೀಲಕ್ಕೆ ಕೈಹಾಕಿದರು. ರಬ್ಬರ್‌ಬ್ಯಾಂಡ್ ಹಾಕಿದ್ದ ಸ್ಟ್ರಿಪ್ಪುಗಳ ಕಟ್ಟು ಮೇಜಿನ ಮೇಲೆ ಬಿತ್ತು. ಹನ್ನೊಂದು ಸ್ಟ್ರಿಪ್ಪು. ಒಂದೇ ಒಂದು ಮಾತ್ರೆಯನ್ನೂ ಒಡೆದಿರಲಿಲ್ಲ. 'ಅದನ್ನು ತಿಂದರೆ ಒಳಗೆಲ್ಲ ಒಣಗಿಹೋಗುತ್ತೆ ಡಾಕ್ಟ್ರೇ, ಯಜಮಾನರಿಗೆ ಎಷ್ಟು ಸಲ ಬೇಡ ಅನ್ನಲಿ' ಅಂದರು. ನಾನು ಮಾತ್ರೆಯ ಬಗ್ಗೆ ಕೇಳಿದ್ದೆನೇ ಹೊರತು ಅವರು ಹೇಗಿದ್ದಾರೆ ಅಂತ ಕೇಳಿರಲಿಲ್ಲ. ಹೆಂಗಸರ ಡಾಕ್ಟರಾಗಿ ನಾನೇ ಕೇಳದಿದ್ದರೆ ಅವರು ಇನ್ನು ಯಾರ ಹತ್ತಿರ ಹೇಳಬೇಕು? ಅವತ್ತಿನಿಂದ ಸ್ತನ ಕ್ಯಾನ್ಸರ್ ಆಗಿ ಬಂದ ಪ್ರತಿಯೊಬ್ಬರನ್ನೂ ನಾನೇ ಮೊದಲು ಕೇಳುತ್ತೇನೆ: ಒಣಗಿದ ಹಾಗೆ ಇದೆಯಾ, ಉರಿ ಇದೆಯಾ, ಸೇರುವಾಗ ನೋವಾಗುತ್ತಾ?

ಈಗ ನಿಮ್ಮ ಮೈಯಲ್ಲಿ ಏನಾಗಿದೆ ಅಂತ ನೋಡೋಣ. ಯೋನಿಯ ಒಳಪದರವನ್ನು ದಪ್ಪವಾಗಿ, ಮೆತ್ತಗೆ, ಹಿಗ್ಗುವ ಹಾಗೆ ಇಡುವುದು ಈಸ್ಟ್ರೋಜೆನ್ ಹಾರ್ಮೋನು. ಮುಟ್ಟು ನಿಂತ ಮೇಲೂ ಕೊಬ್ಬು ಮತ್ತಿತರ ಕಡೆ ಮೈ ಸ್ವಲ್ಪ ಸ್ವಲ್ಪ ಈಸ್ಟ್ರೋಜೆನ್ ಮಾಡಿಕೊಳ್ಳುತ್ತಿರುತ್ತದೆ. ನಿಮ್ಮ ಗಡ್ಡೆ ಬೆಳೆದದ್ದು ಆ ಹಾರ್ಮೋನಿನ ಬಲದಿಂದ. ಅದಕ್ಕೇ ಲೆಟ್ರೋಜೋಲ್ ಆ ಉಳಿದ ಚೂರನ್ನೂ ನಿಲ್ಲಿಸುತ್ತದೆ. ಕ್ಯಾನ್ಸರಿನ ಲೆಕ್ಕದಲ್ಲಿ ಅದು ಒಳ್ಳೆಯ ಕೆಲಸ. ಆದರೆ ಒಳಪದರ ಕಾಗದದ ಹಾಗೆ ತೆಳ್ಳಗಾಗುತ್ತದೆ, ತಿಕ್ಕಿದರೆ ಸೀಳುತ್ತದೆ. ಒಳಗಿನ ಹುಳಿ ಗುಣ ಕಡಿಮೆಯಾಗಿ ಒಳ್ಳೆಯ ಬ್ಯಾಕ್ಟೀರಿಯಾ ಹೋಗುತ್ತವೆ. ಕೆಲವರಿಗೆ ಪದೇ ಪದೇ ಉರಿಮೂತ್ರ ಶುರುವಾಗುವುದೂ ಇದರಿಂದಲೇ. 'ನನಗೆ ಗಂಡನ ಮೇಲೆ ಪ್ರೀತಿ ಹೋಯಿತೇನೋ' ಅಂತ ಎಷ್ಟೋ ಜನ ಅಳುತ್ತಾರೆ. ಹೋಗಿರುವುದು ಪ್ರೀತಿಯಲ್ಲ, ಹಾರ್ಮೋನು.

ಮೊದಲ ಕೆಲಸ: ಆ ರಕ್ತದ ಕಾರಣ ಕಂಡುಕೊಳ್ಳಬೇಕು. ಬಹುಶಃ ಒಣಗಿದ ಪದರ ಗೀರಿದ್ದರಿಂದಲೇ ಬಂದಿರುತ್ತದೆ. ಆದರೂ ಮುಟ್ಟು ನಿಂತ ಮೇಲೆ ಕಾಣಿಸಿದ ರಕ್ತವನ್ನು ಕಾಗದದ ಮೇಲೆ ತೀರ್ಮಾನ ಮಾಡಬಾರದು. ಹೆಂಗಸರ ಡಾಕ್ಟರ ಹತ್ತಿರ ಒಮ್ಮೆ ಪರೀಕ್ಷೆ ಮಾಡಿಸಿ. ನೋವಾಗುತ್ತದೆ ಅಂತ ಮೊದಲೇ ಹೇಳಿಬಿಡಿ. ಒಳಗೆ ನೋಡಲು ಬಳಸುವ ಉಪಕರಣ ಸ್ಪೆಕ್ಯುಲಮ್, ಅದರಲ್ಲಿ ಸಣ್ಣ ಅಳತೆಯದೂ ಇರುತ್ತದೆ, ಅದನ್ನೇ ಬಳಸಿ ಅನ್ನಿ. ಗರ್ಭಕಂಠದ ಪ್ಯಾಪ್ ಪರೀಕ್ಷೆ ಬಾಕಿ ಇದ್ದರೆ ಅದನ್ನೂ ಆಗಲೇ ಮುಗಿಸಿಕೊಳ್ಳಿ.

ಆಮೇಲೆ ಮಾಯಿಶ್ಚರೈಸರ್. ಹಾರ್ಮೋನು ಇಲ್ಲದ, ಯೋನಿಗೆಂದೇ ಮಾಡಿದ ಮಾಯಿಶ್ಚರೈಸರ್ ಸಿಗುತ್ತದೆ. ಹಯಲುರಾನಿಕ್ ಆಸಿಡ್ ಇರುವುದು ಅಂಥ ಒಂದು. ಇದು ಸೇರುವ ದಿನಕ್ಕೆ ಮಾತ್ರ ಅಲ್ಲ. ಮುಖಕ್ಕೆ ಕ್ರೀಮ್ ಹಚ್ಚಿದ ಹಾಗೆ ಬಿಡದೆ ಹಚ್ಚಬೇಕು. ವಾರಕ್ಕೆ ಮೂರು ರಾತ್ರಿ, ಮಲಗುವ ಮುಂಚೆ. ಒಳಗೆ ಹಾಕಿ, ಬೆರಳಲ್ಲಿ ಉಳಿದದ್ದನ್ನು ಯೋನಿಯ ಬಾಯಿಯ ಸುತ್ತ ಸವರಿ. ಆ ಸುತ್ತಲಿನ ಜಾಗವನ್ನು ಎಲ್ಲರೂ ಮರೆಯುತ್ತಾರೆ. ಜಾಸ್ತಿ ಉರಿಯುವುದು ಅಲ್ಲೇ! ನಾಲ್ಕು ದಿನ ಹಚ್ಚಿ 'ಏನೂ ಆಗಲಿಲ್ಲ' ಅಂತ ಬಿಟ್ಟುಬಿಡಬೇಡಿ, ಎರಡು ಮೂರು ತಿಂಗಳಾದರೂ ಕೊಡಿ.

ಲೂಬ್ರಿಕೆಂಟ್ ಬೇರೆ, ಅದು ಸೇರುವ ಹೊತ್ತಿಗೆ ಮಾತ್ರ. ನೀರಿನ ಆಧಾರದ್ದು ಅಥವಾ ಸಿಲಿಕೋನಿನದ್ದು ತೆಗೆದುಕೊಳ್ಳಿ. ನಿಮ್ಮಷ್ಟು ಒಣಗಿದವರಿಗೆ ಸಿಲಿಕೋನ್ ಒಳ್ಳೆಯದು ಅಂತ ನನ್ನ ಅನುಭವ, ಬೇಗ ಆರುವುದಿಲ್ಲ. ಸುವಾಸನೆ ಇರುವುದು, ಬಿಸಿ ಮಾಡುತ್ತೇವೆ ತಂಪು ಮಾಡುತ್ತೇವೆ ಅನ್ನುವ ಜೆಲ್ಲುಗಳು ಬೇಡ. ಎಣ್ಣೆ ಬಳಸುವವರಿದ್ದಾರೆ. ಕಾಂಡೋಮ್ ಹಾಕುತ್ತಿದ್ದರೆ ಎಣ್ಣೆಗೆ ಲೇಟೆಕ್ಸ್ ಹರಿದುಹೋಗುತ್ತದೆ, ನೆನಪಿರಲಿ. ಸೋಪಿನಿಂದ ಒಳಗೆ ತೊಳೆಯುವ ಅಭ್ಯಾಸವಿದ್ದರೆ ಇವತ್ತೇ ಬಿಡಿ. ಬರೀ ನೀರು ಸಾಕು.

ಇಷ್ಟು ಮಾಡಿದರೂ ಬಾಯಿಯ ಬಳಿ ಉರಿ ಹೋಗಲಿಲ್ಲ ಅಂದರೆ ಇನ್ನೊಂದು ದಾರಿಯಿದೆ. ಇದು ಬಹಳ ಜನಕ್ಕೆ ಗೊತ್ತಿಲ್ಲ. ಶೇಕಡಾ 4ರ ಲಿಡೋಕೇನ್ ದ್ರಾವಣ, ಅಂದರೆ ಮರಗಟ್ಟಿಸುವ ಔಷಧಿ. ಹತ್ತಿಯನ್ನು ಅದರಲ್ಲಿ ಅದ್ದಿ, ಸೇರುವ ಮುಂಚೆ ಮೂರು ನಿಮಿಷ ಯೋನಿಯ ಬಾಯಿಯ ಮೇಲೆ ಇಟ್ಟುಕೊಳ್ಳುವುದು. 2015ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸ್ತನ ಕ್ಯಾನ್ಸರ್ ಆದ ಮಹಿಳೆಯರ ಮೇಲೇ ಇದನ್ನು ಪರೀಕ್ಷೆ ಮಾಡಿದರು. ನೋವಿನಿಂದಾಗಿ ಗಂಡನಿಂದ ದೂರವೇ ಉಳಿದಿದ್ದವರಲ್ಲಿ ಕೊನೆತನಕ ಇದ್ದ 20 ಜನರ ಪೈಕಿ 17 ಜನ ಮತ್ತೆ ನೋವಿಲ್ಲದೆ ಸೇರುವಂತಾದರು. ನಿಮ್ಮ ಡಾಕ್ಟರು ನೋಡಿ ಬರೆದುಕೊಟ್ಟರೆ ಬಳಸಿ.

ಇನ್ನೊಂದು ವಿಷಯ. ತಿಂಗಳುಗಟ್ಟಲೆ ನೋವು ತಿಂದ ಮೈ ಮುಂದಿನ ಸಲ ಮುಟ್ಟುವ ಮೊದಲೇ ಬಿಗಿಯಾಗುತ್ತದೆ. ಪರೀಕ್ಷೆಯ ಮೇಜಿನ ಮೇಲೆ ಅದು ನನಗೆ ಕಣ್ಣಿಗೇ ಕಾಣುತ್ತದೆ. ಗ್ಲೋವ್ಸ್ ಹಾಕಿದ ಕೈ ಇನ್ನೂ ದೂರ ಇರುತ್ತದೆ, ಅಷ್ಟರಲ್ಲಿ ತೊಡೆಗಳು ಒತ್ತಿಕೊಳ್ಳುತ್ತವೆ, ಕಾಲ್ಬೆರಳು ಮುದುಡುತ್ತವೆ. ಅದು ಬೇಕೆಂದು ಮಾಡುವುದಲ್ಲ. ಆ ಸ್ನಾಯುಗಳನ್ನು ಸಡಿಲ ಬಿಡುವುದನ್ನು ಕಲಿಸುವ ಫಿಸಿಯೋಥೆರಪಿ ಇದೆ. ಯೋನಿಯನ್ನು ಮೆಲ್ಲಗೆ ಹಿಗ್ಗಿಸಲು ಕಿರುಬೆರಳಿನ ಗಾತ್ರದಿಂದ ಶುರುವಾಗುವ ಡೈಲೇಟರುಗಳೂ ಇವೆ. ನಿಧಾನವಾಗಿ, ನಿಮ್ಮ ಕೈಯಲ್ಲೇ, ನಿಮ್ಮ ಹಿಡಿತದಲ್ಲೇ ಮಾಡುವಂಥದ್ದು.

ಹಾರ್ಮೋನ್ ಕ್ರೀಮ್ ಹಚ್ಚಬಹುದಾ ಅಂತ ನೀವು ಕೇಳಿಲ್ಲ, ಆದರೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಯೋನಿಗೆ ಹಚ್ಚುವ ಕಡಿಮೆ ಪ್ರಮಾಣದ ಈಸ್ಟ್ರೋಜೆನ್ ಚೆನ್ನಾಗಿ ಕೆಲಸ ಮಾಡುತ್ತದೆ, ಸುಳ್ಳಲ್ಲ. ರಕ್ತಕ್ಕೆ ಸೇರುವುದೂ ತೀರ ಕಡಿಮೆ. ಆದರೆ 2022ರಲ್ಲಿ ಡೆನ್ಮಾರ್ಕಿನಿಂದ ಬಂದ ಒಂದು ದೊಡ್ಡ ಅಧ್ಯಯನದಲ್ಲಿ 8 ಸಾವಿರಕ್ಕೂ ಹೆಚ್ಚು ಮಹಿಳೆಯರ ದಾಖಲೆ ನೋಡಿದರು. ಒಟ್ಟಾರೆ ಕ್ಯಾನ್ಸರ್ ಮರುಕಳಿಸುವುದು ಹೆಚ್ಚಿರಲಿಲ್ಲ. ಆದರೆ ಲೆಟ್ರೋಜೋಲ್ ಗುಂಪಿನ ಮಾತ್ರೆಯ ಜೊತೆ ಇದನ್ನು ಬಳಸಿದವರಲ್ಲಿ ಮರುಕಳಿಸಿದ್ದು ಜಾಸ್ತಿ ಕಂಡಿತು. ಹಾಗಾಗಿ ನಿಮ್ಮ ವಿಷಯದಲ್ಲಿ ಇದು ಕೊನೆಯ ಮೆಟ್ಟಿಲು. ಅದೂ ನಿಮ್ಮ ಕ್ಯಾನ್ಸರ್ ಡಾಕ್ಟರು, ಹೆಂಗಸರ ಡಾಕ್ಟರು, ನೀವು, ಮೂವರೂ ಮಾತಾಡಿಕೊಂಡ ಮೇಲೆ. ಬೇರೆ ಏನೂ ಆಗಲಿಲ್ಲ ಅಂದರೆ ಲೆಟ್ರೋಜೋಲ್ ಬದಲು ಟಾಮೋಕ್ಸಿಫೆನ್ ಅನ್ನುವ ಇನ್ನೊಂದು ಬಗೆಯ ಹಾರ್ಮೋನ್ ಚಿಕಿತ್ಸೆಯ ಮಾತ್ರೆಗೆ ಬದಲಾಯಿಸಬಹುದಾ ಅಂತಲೂ ಕೇಳಿ. ಲೇಸರ್ ಮಾಡುತ್ತೇವೆ, ಒಳಗೆ ಹೊಸದಾಗುತ್ತದೆ ಅನ್ನುವ ಜಾಹೀರಾತಿಗೆ ದುಡ್ಡು ಸುರಿಯಬೇಡಿ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2018ರಲ್ಲೇ ಅದರ ಬಗ್ಗೆ ಎಚ್ಚರಿಕೆ ಕೊಟ್ಟಿದೆ.

ನಿಮ್ಮ ಯಜಮಾನರ ಹೆದರಿಕೆ ಬಗ್ಗೆ ಒಂದು ಮಾತು. ಈ ಭಾಗವನ್ನು ಅವರ ಕೈಗೇ ಕೊಡಿ, ಓದಲಿ. ಸ್ವಾಮಿ, ಕ್ಯಾನ್ಸರ್ ಸೇರುವುದರಿಂದ ಹರಡುವುದಿಲ್ಲ. ನಿಮಗೂ ಬರುವುದಿಲ್ಲ, ಅವರಿಗೆ ಮರುಕಳಿಸುವುದೂ ಇಲ್ಲ. ಆದರೆ ನೀವು ದೂರ ಸರಿದಾಗ ಅವರು ಅದನ್ನು ಹೆದರಿಕೆ ಅಂತ ಓದುವುದಿಲ್ಲ, ಅಸಹ್ಯ ಅಂತ ಓದುತ್ತಾರೆ. ಆಪರೇಶನ್ ಆದ ಜಾಗ ಮರಗಟ್ಟಿರಬಹುದು, ಮುಟ್ಟಿದರೆ ಕಿರಿಕಿರಿ ಅನಿಸಬಹುದು. ಎಲ್ಲಿ ಮುಟ್ಟಲಿ, ಎಲ್ಲಿ ಬೇಡ ಅಂತ ಬಾಯಿಬಿಟ್ಟು ಕೇಳಿ. ಮೊದಲ ಕೆಲವು ವಾರ ಪೂರ್ತಿ ಸೇರುವ ಯೋಚನೆಯೇ ಬೇಡ. ಪಕ್ಕದಲ್ಲಿ ಮಲಗಿ, ಕೈ ಹಿಡಿದುಕೊಳ್ಳಿ, ಅಪ್ಪಿಕೊಳ್ಳಿ.

ಡಾಕ್ಟರ ಎದುರು ಮಾತು ಬರದಿದ್ದರೆ ಚೀಟಿಯಲ್ಲಿ ಬರೆದುಕೊಂಡು ಹೋಗಿ. 'ಮಾತ್ರೆ ಶುರುವಾದ ಮೇಲೆ ಒಳಗೆ ಒಣಗಿದೆ, ಸೇರುವಾಗ ನೋವು, ಎರಡು ಸಲ ರಕ್ತ.' ಇಷ್ಟೇ ಸಾಕು. ಚೀಟಿಯನ್ನು ಮೇಜಿನ ಮೇಲಿಡಿ. ಮುಂದಿನದು ಡಾಕ್ಟರ ಕೆಲಸ.

ಪ್ರಶ್ನೆ: ನನ್ನ ಅತ್ತೆಗೆ 61 ವರ್ಷ. ನಾಲ್ಕು ವರ್ಷದಿಂದ ಟಾಮೋಕ್ಸಿಫೆನ್ ತೆಗೆದುಕೊಳ್ಳುತ್ತಿದ್ದಾರೆ. ಹೋದ ವಾರ ಒಳ ಉಡುಪಿನಲ್ಲಿ ಒಂದು ಕಲೆ ಕಾಣಿಸಿತಂತೆ. ಚುಕ್ಕಿಯಷ್ಟೇ, ಮತ್ತೆ ಬಂದಿಲ್ಲ, ಬಿಡು ಅನ್ನುತ್ತಿದ್ದಾರೆ. ಬಿಡಬಹುದಾ?

ಉತ್ತರ: ಬಿಡಬೇಡಿ. ಈ ವಾರವೇ ತೋರಿಸಿ.

ಟಾಮೋಕ್ಸಿಫೆನ್ ಸ್ತನದಲ್ಲಿ ಈಸ್ಟ್ರೋಜೆನ್ನಿಗೆ ತಡೆ ಹಾಕುತ್ತದೆ. ಆದರೆ ಗರ್ಭಕೋಶದಲ್ಲಿ ತಾನೇ ಈಸ್ಟ್ರೋಜೆನ್ ಥರ ವರ್ತಿಸುತ್ತದೆ. ಅದರಿಂದ ಒಳಪದರ ಬೆಳೆಯಬಹುದು, ಪಾಲಿಪ್ ಅನ್ನುವ ಸಣ್ಣ ಗಂಟು ಆಗಬಹುದು. ಮುಟ್ಟು ನಿಂತವರಲ್ಲಿ ಗರ್ಭಕೋಶದ ಕ್ಯಾನ್ಸರಿನ ಸಾಧ್ಯತೆ ಎರಡು ಮೂರು ಪಟ್ಟು ಹೆಚ್ಚುತ್ತದೆ. ಹಾಗೆಂದು ಗಾಬರಿ ಬೇಡ, ಮೂಲ ಸಾಧ್ಯತೆಯೇ ಕಡಿಮೆ. ಬಂದರೂ ಬೇಗ ಹಿಡಿದರೆ ಸಾಮಾನ್ಯವಾಗಿ ಗುಣವಾಗುತ್ತದೆ. ಬೇಗ ಹಿಡಿಯಲು ನಮಗೆ ಸಿಗುವ ಸುಳಿವು ಇಂಥ ಕಲೆಯೇ. ಕೆಂಪು, ಕಂದು, ನಸುಗೆಂಪು ನೀರು, ಯಾವುದಾದರೂ ಸರಿ. ಬರೀ ಸ್ಕ್ಯಾನಿಂಗ್ ನೋಡಿ ಕಳಿಸಿದರೆ ಸಾಲದು. ಈ ಮಾತ್ರೆಯಿಂದ ಪದರದ ಕೆಳಗಿನ ಭಾಗ ಊದಿಕೊಂಡು ಸ್ಕ್ಯಾನಿನಲ್ಲಿ ಸುಮ್ನೆ ದಪ್ಪ ಕಾಣುವುದುಂಟು. ಒಳಪದರದ ಚೂರು ತೆಗೆದು ಬಯಾಪ್ಸಿ ಮಾಡಬೇಕಾಗುತ್ತದೆ. ರಕ್ತವೇ ಕಾಣದವರು ಮಾತ್ರ ವರ್ಷ ವರ್ಷ ಸ್ಕ್ಯಾನ್ ಮಾಡಿಸುತ್ತಾ ಹೋಗಬೇಕಿಲ್ಲ.

ಪ್ರಶ್ನೆ: ನನಗೆ 34. ಕೀಮೋ ಆದ ಮೇಲೆ ಏಳು ತಿಂಗಳಿಂದ ಮುಟ್ಟಾಗಿಲ್ಲ. ಟಾಮೋಕ್ಸಿಫೆನ್ ನಡೆಯುತ್ತಿದೆ. ಇನ್ನು ಗರ್ಭ ನಿಲ್ಲುವುದಿಲ್ಲ ಅಂತ ಕಾಂಡೋಮ್ ಬಿಟ್ಟಿದ್ದೇವೆ. ಆದರೆ ಮುಂದೊಂದು ದಿನ ಮಗು ಬೇಕು ಅಂತ ಆಸೆಯಿದೆ.

ಉತ್ತರ: ಕಾಂಡೋಮ್ ಇವತ್ತಿನಿಂದಲೇ ಮತ್ತೆ ಶುರು ಮಾಡಿ. ಮುಟ್ಟಿಲ್ಲ ಅಂದರೆ ಅಂಡ ಬಿಡುಗಡೆ ಆಗುವುದಿಲ್ಲ ಅಂತ ಅರ್ಥವಲ್ಲ. ನಿಮ್ಮ ವಯಸ್ಸಿನಲ್ಲಿ ಅಂಡಾಶಯ ಮತ್ತೆ ಕೆಲಸ ಶುರು ಮಾಡುವ ಸಾಧ್ಯತೆ ಚೆನ್ನಾಗಿದೆ. ಮುಟ್ಟು ಕಾಣುವ ಮೊದಲೇ ಅಂಡ ಹೊರಬಂದಿರುತ್ತದೆ. ಟಾಮೋಕ್ಸಿಫೆನ್ ಮಗುವಿಗೆ ಅಪಾಯ. ಹಾರ್ಮೋನು ಇರುವ ಗರ್ಭನಿರೋಧಕ ಮಾತ್ರೆ, ಇಂಜೆಕ್ಷನ್ ನಿಮಗೆ ಆಗುವುದಿಲ್ಲ. ಕಾಪರ್-ಟಿ ಆಗುತ್ತದೆ, ನನ್ನ ಆಯ್ಕೆ ಅದೇ.

ಮಗುವಿನ ಆಸೆ ಬಿಡಬೇಡಿ. 42 ವರ್ಷದೊಳಗಿನ 516 ಮಹಿಳೆಯರ ಒಂದು ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಒಂದೂವರೆಯಿಂದ ಎರಡೂವರೆ ವರ್ಷ ಹಾರ್ಮೋನ್ ಚಿಕಿತ್ಸೆ ತೆಗೆದುಕೊಂಡು, ಆಮೇಲೆ ಮಗುವಿಗಾಗಿ ಎರಡು ವರ್ಷದ ತನಕ ಅದನ್ನು ನಿಲ್ಲಿಸಿದವರು ಇವರು. ಸುಮಾರು ಮೂರು ವರ್ಷದ ಲೆಕ್ಕದಲ್ಲಿ ಕ್ಯಾನ್ಸರ್ ಮರುಕಳಿಸುವುದು ಜಾಸ್ತಿಯಾಗಲಿಲ್ಲ. ಅದಕ್ಕಿಂತ ಮುಂದಿನ ವರ್ಷಗಳನ್ನು ಇನ್ನೂ ಗಮನಿಸುತ್ತಿದ್ದಾರೆ. ಮಾತ್ರೆ ನಿಲ್ಲಿಸಿ ಮೂರು ತಿಂಗಳು ಬಿಟ್ಟು ಪ್ರಯತ್ನ ಶುರು, ಹೆರಿಗೆ ಮತ್ತು ಹಾಲುಣಿಸುವುದು ಆದ ಮೇಲೆ ಮತ್ತೆ ಮಾತ್ರೆ. ನಿಮಗೆ ಯಾವಾಗ ನಿಲ್ಲಿಸಬಹುದು ಅನ್ನುವುದು ನಿಮ್ಮ ಗಡ್ಡೆಯ ಹಂತ ನೋಡಿ ಕ್ಯಾನ್ಸರ್ ಡಾಕ್ಟರು ಹೇಳಬೇಕು. ಮುಂದಿನ ಭೇಟಿಗೆ ಇಬ್ಬರೂ ಒಟ್ಟಿಗೆ ಹೋಗಿ.

ಕಾಂಡೋಮ್ ಬಿಟ್ಟು ಎಷ್ಟು ದಿನವಾಯಿತು ಅಂತ ನೀವು ಬರೆದಿಲ್ಲ. ನಾಳೆ ಬೆಳಿಗ್ಗೆ ಎದ್ದ ತಕ್ಷಣ ಯೂರಿನ್ ಟೆಸ್ಟ್ ಮಾಡಿ. ಎರಡು ಗೆರೆ ಬಂದರೆ ಅವತ್ತಿನ ಮಾತ್ರೆ ನುಂಗುವ ಮೊದಲು ಡಾಕ್ಟರಿಗೆ ಫೋನ್ ಮಾಡಿ. ಒಂದೇ ಗೆರೆ ಬಂದರೂ ಎರಡು ವಾರ ಬಿಟ್ಟು ಇನ್ನೊಮ್ಮೆ ನೋಡಿಕೊಳ್ಳಿ.