ಮಾವಿನ ದುಡ್ಡು 28 ದಿನ ಅಲುಗಾಡಬಾರದು

ತಮ್ಮ, ನಿನ್ನ ಮೆಸೇಜ್ ಓದಿದೆ. ಮ್ಯಾಂಚೆಸ್ಟರ್‌ನಲ್ಲಿ ಒಂದು ವರ್ಷದ ಎಂಎಸ್‌ಸಿಗೆ ಸೀಟು ಸಿಕ್ಕಿದೆ, ಶ್ರೀನಿವಾಸಪುರದ ತೋಟದ ಮಾವಿನ ದುಡ್ಡು ಅಪ್ಪನ ಖಾತೆಗೆ ಬಂದ ಕೂಡಲೇ ವೀಸಾಕ್ಕೆ ಅರ್ಜಿ ಹಾಕಬಹುದಾ ಅಂತ ಕೇಳಿದ್ದೀಯ. ಹಾಕಬಹುದು, ಆದರೆ ಕೂಡಲೇ ಅಲ್ಲ.

ಬ್ರಿಟನ್ನಿನ ಸ್ಟೂಡೆಂಟ್ ವೀಸಾದಲ್ಲಿ ಜಾಸ್ತಿ ತಲೆನೋವು ಕೊಡುವುದು ದುಡ್ಡಿನ ಲೆಕ್ಕ. ಮೊದಲ ವರ್ಷದ ಫೀಸಿನಲ್ಲಿ ಬಾಕಿ ಎಷ್ಟಿದೆಯೋ ಅಷ್ಟು, ಅದರ ಮೇಲೆ 9 ತಿಂಗಳ ಖರ್ಚು ತೋರಿಸಬೇಕು. 2025ರ ನವೆಂಬರ್‌ನಿಂದ ಲಂಡನ್ ಹೊರಗೆ ಓದುವವರಿಗೆ ತಿಂಗಳಿಗೆ 1,171 ಪೌಂಡ್, ಅಂದರೆ ಒಟ್ಟು 10,539. ಇಷ್ಟೂ ಹಣ ಸತತ 28 ದಿನ ಖಾತೆಯಲ್ಲಿ ಕೂತಿರಬೇಕು. ಆ ಕೊನೆಯ ದಿನ ಅರ್ಜಿ ಹಾಕುವ ಹಿಂದಿನ 31 ದಿನದೊಳಗೆ ಇರಬೇಕು. ಒಂದೇ ದಿನ ಬ್ಯಾಲೆನ್ಸ್ ಕೆಳಗಿಳಿದರೂ ಆಗುವುದಿಲ್ಲ.

ನಮ್ಮ ಕಡೆಯವರಿಗೆ ಕಷ್ಟ ಇರುವುದೇ ಇಲ್ಲಿ. ಮಂಡಿಯವರು ಒಂದೇ ಸಲ ಪೂರ್ತಿ ಕೊಡುತ್ತಾರಾ? ಕಂತು ಕಂತಾಗಿ ಕೊಡುತ್ತಾರೆ. ನಡುವೆ ಬೋರ್‌ವೆಲ್ ಮೋಟರ್ ಸುಟ್ಟುಹೋಗುತ್ತದೆ. ಅಪ್ಪ ಅದೇ ಖಾತೆಯಿಂದ ದುಡ್ಡು ತೆಗೆಯುತ್ತಾರೆ. ಎಣಿಕೆ ಮತ್ತೆ ಒಂದರಿಂದ ಶುರು! ಅದಕ್ಕೇ ವೀಸಾ ದುಡ್ಡಿಗೆ ಬೇರೆ ಖಾತೆ ಮಾಡಿಸು, ಎಟಿಎಂ ಕಾರ್ಡ್ ಅಮ್ಮನ ಬೀರುವಿನಲ್ಲಿರಲಿ. ಅರ್ಜಿ ಹಾಕಿದ ದಿನದ ಪೌಂಡ್ ದರ ಹಿಡಿಯುತ್ತಾರೆ, ಹಾಗಾಗಿ ಸ್ವಲ್ಪ ಜಾಸ್ತಿಯೇ ಇಡಿ.

ಪಹಣಿ, ಒಡವೆ, ಷೇರು ಯಾವುದೂ ಲೆಕ್ಕಕ್ಕಿಲ್ಲ. ಬ್ಯಾಂಕಿನ ಎಜುಕೇಶನ್ ಲೋನ್ ಮಂಜೂರಾದ ಪತ್ರಕ್ಕೆ ಮಾತ್ರ ಈ 28 ದಿನದ ಕಾಟ ಇಲ್ಲ. ಪತ್ರ 6 ತಿಂಗಳೊಳಗಿನದಾಗಿರಬೇಕು. ನನ್ನ ಕೇಳಿದರೆ ಫೀಸಿಗೆ ಲೋನ್, ಖರ್ಚಿಗೆ ಮಾವು.

ಬಡ್ಡಿಗೆ ತಂದು ತೋರಿಸಿ ವೀಸಾ ಬಂದಮೇಲೆ ವಾಪಸ್ ಕೊಡೋಣ, ಬೇಕಾದರೆ ಸ್ಟೇಟ್‌ಮೆಂಟ್ ನಾನೇ ಮಾಡಿಸುತ್ತೇನೆ ಅಂದನಲ್ಲ ಏಜೆಂಟು, ಅವನ ಕಡೆ ತಿರುಗಿಯೂ ನೋಡಬೇಡ. ಸುಳ್ಳು ದಾಖಲೆ ಸಿಕ್ಕಿಬಿದ್ದರೆ 10 ವರ್ಷ ಬಾಗಿಲು ಬಂದ್. ಅದು ಬಿಡು, ಮ್ಯಾಂಚೆಸ್ಟರ್‌ಗೆ ಬಂದಮೇಲೆ ಬಾಡಿಗೆ ಯಾರು ಕಟ್ಟುತ್ತಾರೆ? ಪಾಠ ನಡೆಯುವ ದಿನಗಳಲ್ಲಿ ವಾರಕ್ಕೆ 20 ಗಂಟೆ ಮಾತ್ರ ಕೆಲಸ. ಅದರಲ್ಲಿ ಅಕ್ಕಿ ಬೇಳೆ ಆದೀತು, ಫೀಸು ಹುಟ್ಟುವುದಿಲ್ಲ.

ಹಣ ಅಪ್ಪನ ಹೆಸರಿನಲ್ಲಿದ್ದರೆ ನಿನ್ನ ಜನನ ಪ್ರಮಾಣಪತ್ರ, ಅವರ ಒಪ್ಪಿಗೆ ಪತ್ರ ಎರಡೂ ಬೇಕು. ಪ್ರಮಾಣಪತ್ರವನ್ನು ಈಗಲೇ ತೆಗೆದು ನೋಡು. ನಮ್ಮ ಕಡೆ ಎಷ್ಟೋ ಜನರದ್ದರಲ್ಲಿ ಮಗುವಿನ ಹೆಸರಿನ ಜಾಗ ಖಾಲಿ, ಯಾಕಂದ್ರೆ ಬರೆಸುವಾಗ ನಾಮಕರಣವೇ ಆಗಿರುವುದಿಲ್ಲ. ಅಪ್ಪ ಅದರಲ್ಲಿ ವೆಂಕಟೇಶಪ್ಪ, ಪಾಸ್‌ಬುಕ್‌ನಲ್ಲಿ ವೆಂಕಟೇಶ್ ಎನ್. ಇಂಥದ್ದಿದ್ದರೆ ಮೊದಲು ಸರಿಮಾಡಿಸು.

ವೀಸಾಕ್ಕೆ ಬೇಕಾದ ಕ್ಷಯದ ಪರೀಕ್ಷೆ ಬೆಂಗಳೂರಿನಲ್ಲಿ ಬ್ರಿಟನ್ ಸರ್ಕಾರ ಒಪ್ಪಿದ ಕಡೆಯೇ ಆಗಬೇಕು. ಅಲ್ಲಿನ ಸರ್ಕಾರಿ ಆಸ್ಪತ್ರೆ ಸೇವೆಗೆ ಕಟ್ಟುವ ಆರೋಗ್ಯ ಶುಲ್ಕ ವರ್ಷಕ್ಕೆ 776 ಪೌಂಡ್, ಅರ್ಜಿಯ ಜೊತೆಗೇ ಕಟ್ಟಬೇಕು, ಮೇಲಿನ ಲೆಕ್ಕದಲ್ಲಿ ಅದು ಸೇರಿಲ್ಲ.

ಜೂನ್ ಕೊನೆಗೆ ಪೂರ್ತಿ ಹಣ ಕೈಗೆ ಬಂದರೆ ಜುಲೈ ಕೊನೆಗೆ ಅರ್ಜಿ ಹಾಕಬಹುದು. ತೀರ್ಮಾನಕ್ಕೆ ಸಾಮಾನ್ಯವಾಗಿ 3 ವಾರ. ಸೆಪ್ಟೆಂಬರ್‌ಗೆ ಸರಿಹೋಗುತ್ತದೆ. ಮಂಡಿ ಬಾಕಿ ಆಗಸ್ಟ್‌ವರೆಗೂ ಎಳೆದರೆ ಸುಮ್ನೆ ಒದ್ದಾಡಬೇಡ, ನಿನ್ನ ಕೋರ್ಸಿಗೆ ಜನವರಿ ಬ್ಯಾಚ್ ಇದೆಯಾ ಅಂತ ಯೂನಿವರ್ಸಿಟಿಗೆ ಬರೆದು ಕೇಳು.