1940ರಲ್ಲಿ ಫ್ರಾನ್ಸ್‌ನಲ್ಲಿ ಮಡಿದ ಜರ್ಮನ್ ಸೈನಿಕನ ವೇರ್‌ಪಾಸ್: ಅಸಲಿಯೇ, ಅವನ ಸಮಾಧಿ ಹುಡುಕುವುದು ಹೇಗೆ?

ಜರ್ಮನಿಯ ಹಳೇ ಸಾಮಾನಿನ ಸಂತೆಯಲ್ಲಿ ಕೊಂಡ ವೇರ್‌ಪಾಸ್, ಅಂದರೆ ಸೈನಿಕನ ಸೇವಾ ದಾಖಲೆಯ ಪುಸ್ತಕ, 1940ರ ಜೂನ್‌ನಲ್ಲಿ ಸತ್ತ ಅಂತ ನಮೂದು, ಆದರೆ ಪುಸ್ತಕ ಮಾತ್ರ ಹೊಸದರಂತಿದೆ, ಅದಕ್ಕೇ ಅನುಮಾನ ಅಂದಿದ್ದೀರಿ. ಆ ಕಾರಣಕ್ಕೆ ಅನುಮಾನ ಬೇಡ. ವೇರ್‌ಪಾಸ್ ಯುದ್ಧಭೂಮಿಯಲ್ಲಿ ಸೈನಿಕನ ಜೇಬಿನಲ್ಲಿ ಇರುತ್ತಿರಲಿಲ್ಲ. ಸೇನೆಗೆ ಸೇರಿದಾಗ ಅದನ್ನು ಕಚೇರಿಯವರು ಇಟ್ಟುಕೊಂಡು, ಬದಲಿಗೆ ಝೋಲ್ಡ್‌ಬೂಖ್ ಕೊಡುತ್ತಿದ್ದರು. ಸಂಬಳದ ಪುಸ್ತಕವೂ ಗುರುತಿನ ಚೀಟಿಯೂ ಆಗಿದ್ದ ಅದು ಸದಾ ಮೈಮೇಲೇ ಇರುತ್ತಿತ್ತು. ಸೈನಿಕ ಸತ್ತರೆ ವೇರ್‌ಪಾಸ್‌ನಲ್ಲಿ ಮರಣ ನಮೂದಿಸಿ ಮನೆಯವರಿಗೆ ಕಳಿಸುತ್ತಿದ್ದರು. ಹಾಗಾಗಿ ಗುಂಡಿನ ತೂತು, ರಕ್ತದ ಕಲೆ ಇರುವ ವೇರ್‌ಪಾಸ್ ಕಂಡರೇ ನನಗೆ ಅನುಮಾನ. ಫೋಟೊದಲ್ಲಿ ಅವನು ಸಮವಸ್ತ್ರದಲ್ಲಿಲ್ಲ ಅನ್ನುವುದೂ ಸರಿಯೇ, ಸೇನೆ ಸೇರುವ ಮುಂಚೆ ತೆಗೆಸಿದ ಚಿತ್ರ ಅದು.

ನಿಜವಾದ ಮೋಸ ಬೇರೆ ಕಡೆ ಇದೆ. ಮಡಿದವನ ಪುಸ್ತಕಕ್ಕೆ ಬೆಲೆ ಹೆಚ್ಚು, ಆದ್ದರಿಂದ ಬದುಕುಳಿದವನ ಪುಸ್ತಕಕ್ಕೆ ಮರಣದ ಸಾಲು ಸೇರಿಸಿ ಮಾರುವವರಿದ್ದಾರೆ. ಸಾವಿನ ತಾರೀಖಿನ ನಂತರದ ವರ್ಗಾವಣೆ, ಪದಕ ಯಾವ ಪುಟದಲ್ಲಾದರೂ ಇದೆಯೇ ನೋಡಿ. ಹೆಸರುಗಳೂ ಕಾಲಕ್ಕೆ ಹೊಂದಬೇಕು. ಪದಾತಿ ರೆಜಿಮೆಂಟುಗಳಿಗೆ ‘ಗ್ರೆನಡಿಯರ್’ ಎಂಬ ಹೆಸರು ಬಂದದ್ದು 1942ರ ಅಕ್ಟೋಬರ್‌ನಲ್ಲಿ, 1940ರಲ್ಲಿ ಸತ್ತವನ ಪುಸ್ತಕದಲ್ಲಿ ಅದು ಇರಲಾರದು. ಬಾಲ್‌ಪೆನ್ನಿನ ಬರಹವಾದರೆ ಅದು ಯುದ್ಧದ ನಂತರದ್ದು. ಕತ್ತಲೆಯಲ್ಲಿ ಅಲ್ಟ್ರಾವಯಲೆಟ್ ಟಾರ್ಚ್ ಹಿಡಿಯಿರಿ. ಯಾವುದಾದರೂ ಹಾಳೆ ಮಾತ್ರ ನೀಲಿ-ಬಿಳಿಯಾಗಿ ಹೊಳೆದರೆ ಅದು ಆಮೇಲೆ ಬಂದ ಕಾಗದ. ಫೋಟೊದ ಮೂಲೆಯ ಮೊಹರಿನ ಗೆರೆ ಚಿತ್ರದಿಂದ ಪುಟಕ್ಕೆ ಮುರಿಯದೆ ಇಳಿಯಬೇಕು. ಕದನಗಳ ಪಟ್ಟಿಯೆಲ್ಲ ಒಂದೇ ಕೈಬರಹ, ಒಂದೇ ಶಾಯಿ ಇದೆ ಅಂತ ಗಾಬರಿಯಾಗಬೇಡಿ, ಗುಮಾಸ್ತರು ಕಾರ್ಯಾಚರಣೆ ಮುಗಿದ ಮೇಲೆ ಒಟ್ಟಿಗೆ ತುಂಬುತ್ತಿದ್ದುದುಂಟು.

ಓದುವುದೇ ದೊಡ್ಡ ಕಷ್ಟ. ಆ ಕಾಲದ ಕೈಬರಹದಲ್ಲಿ ಸಣ್ಣ ‘ಇ’ ನಮ್ಮ ಕಣ್ಣಿಗೆ ‘ಎನ್’ ಥರ ಕಾಣುತ್ತದೆ, ಉದ್ದದ ‘ಎಸ್’ ಅನ್ನು ‘ಎಫ್’ ಅಂದುಕೊಳ್ಳುತ್ತೇವೆ, ‘ಯು’ ಮೇಲೆ ಒಂದು ಕೊಂಕುಗೆರೆ ಇರುತ್ತದೆ. ಊರಿನ ಹೆಸರು ತಪ್ಪುವುದು ಇಲ್ಲೇ, ಅದರಲ್ಲೂ ಫ್ರೆಂಚ್ ಊರನ್ನು ಜರ್ಮನ್ ಗುಮಾಸ್ತ ಕಿವಿಗೆ ಬಿದ್ದಂತೆ ಬರೆದಿದ್ದರೆ ಕೇಳಲೇಬೇಡಿ. ಘಟಕದ ಹೆಸರಲ್ಲಿ ‘14./ಜೆ.ಆರ್. 36’ ಅಂತಿದ್ದರೆ 36ನೇ ಪದಾತಿ ರೆಜಿಮೆಂಟಿನ 14ನೇ ಕಂಪನಿ ಎಂದರ್ಥ, ‘ಐ’ ಬದಲು ‘ಜೆ’ ಬರೆಯುವುದು ಆಗಿನ ರೂಢಿ. ಸಂಖ್ಯೆ ರೋಮನ್ ಅಂಕಿಯಲ್ಲಿದ್ದರೆ ಕಂಪನಿಯಲ್ಲ, ಬೆಟಾಲಿಯನ್. ಸಾಮಾನ್ಯ ಪದಾತಿ ರೆಜಿಮೆಂಟಿನಲ್ಲಿ 4, 8, 12 ಮೆಷಿನ್‌ಗನ್ ಕಂಪನಿಗಳು, 13 ಪದಾತಿ ಫಿರಂಗಿ, 14 ಟ್ಯಾಂಕ್ ನಿರೋಧಕ. ಒಂದು ಅಂಕಿಯಿಂದ ಅವನ ಕೆಲಸವೇ ಗೊತ್ತಾಗುತ್ತದೆ.

ಸಮಾಧಿಗೆ, ಜರ್ಮನ್ ಸೈನಿಕರ ಸಮಾಧಿಗಳನ್ನು ನೋಡಿಕೊಳ್ಳುವ ಫೋಲ್ಕ್ಸ್‌ಬುಂಡ್ ಸಂಸ್ಥೆಯ ಆನ್‌ಲೈನ್ ಹುಡುಕಾಟದಿಂದ ಶುರುಮಾಡಿ, ಉಚಿತ. ಮನೆತನದ ಹೆಸರು ಮತ್ತು ಹುಟ್ಟಿದ ತಾರೀಖು ಎರಡೇ ಸಾಕು. ಅಕ್ಷರದ ಮೇಲೆ ಎರಡು ಚುಕ್ಕೆಯಿರುವ ಹೆಸರಾದರೆ ಚುಕ್ಕೆ ಬಿಟ್ಟು ‘ಇ’ ಸೇರಿಸಿಯೂ ಹುಡುಕಿ. ಪುಸ್ತಕದಲ್ಲಿರುವ ಊರು ಸತ್ತ ಜಾಗ, ಈಗಿನ ಸಮಾಧಿ ಅಲ್ಲಿಯೇ ಇರಬೇಕೆಂದಿಲ್ಲ. 1940ರಲ್ಲಿ ರಸ್ತೆ ಬದಿಯಲ್ಲೋ ಹಳ್ಳಿಯ ಚರ್ಚಿನ ಪಕ್ಕದಲ್ಲೋ ಹೂಳಿದವರನ್ನು, ಫ್ರಾನ್ಸ್ ಜತೆಗಿನ 1954ರ ಒಪ್ಪಂದದ ನಂತರ ದೊಡ್ಡ ಸ್ಮಶಾನಗಳಿಗೆ ಸಾಗಿಸಿದರು. ಸೆಡಾನ್ ಬಳಿಯ ನೊಯೆರ್-ಪೋಂ-ಮೋಜಿ, ಸೋಮ್ ಪ್ರಾಂತದ ಬೂರ್ದೋಂ ಅಂಥವು. ಸಿಕ್ಕರೆ ಬ್ಲಾಕ್, ಸಾಲು, ಸಮಾಧಿ ಸಂಖ್ಯೆಯೂ ಬರುತ್ತದೆ.

ಆಮೇಲೆ ಬರ್ಲಿನ್‌ನ ಬುಂಡೆಸ್‌ಆರ್ಖೀವ್‌ಗೆ, ಅಂದರೆ ಜರ್ಮನಿಯ ರಾಷ್ಟ್ರೀಯ ಪತ್ರಾಗಾರಕ್ಕೆ ಅರ್ಜಿ. ಮಡಿದವರ ವರದಿ, ಸೈನಿಕರು ಕೊರಳಿಗೆ ಹಾಕುತ್ತಿದ್ದ ಗುರುತಿನ ಬಿಲ್ಲೆಯ ಪಟ್ಟಿ ಇಟ್ಟಿದ್ದ ವಾಸ್ಟ್ ಎಂಬ ಹಳೇ ಕಚೇರಿ 2019ರಿಂದ ಇದರೊಳಗೇ ಸೇರಿದೆ. ಸೈನ್ಯದ ಪೂರ್ತಿ ವೈಯಕ್ತಿಕ ಕಡತ ಸಿಗುತ್ತದೆಂದು ಆಸೆಪಡಬೇಡಿ, 1945ರ ಏಪ್ರಿಲ್ 14ರ ಬಾಂಬ್ ದಾಳಿಯಲ್ಲಿ ಪೋಟ್ಸ್‌ಡಾಮ್‌ನ ಸೇನಾ ಪತ್ರಾಗಾರ ಸುಟ್ಟಾಗ ಬಹುಪಾಲು ಹೋದವು. ಬಿಲ್ಲೆಯ ಸಂಖ್ಯೆ ಗೊತ್ತಿದ್ದರೆ ಅರ್ಜಿಯಲ್ಲಿ ಬರೆಯಿರಿ. ಬಿಲ್ಲೆ ಕೊಟ್ಟ ಘಟಕ ಮತ್ತು ಸತ್ತಾಗಿನ ಘಟಕ ಬೇರೆಯಿರುವುದು ಮಾಮೂಲಿ, ಅದನ್ನು ತಪ್ಪೆಂದು ತಿದ್ದಬೇಡಿ. ಮರಣ ನೋಂದಣಿಯ ಗೋಪ್ಯತೆಯ ಅವಧಿ 30 ವರ್ಷ, ಆದ್ದರಿಂದ 1940ರದ್ದನ್ನು ಊರಿನ ನೋಂದಣಿ ಕಚೇರಿಯಲ್ಲಲ್ಲ, ಅಲ್ಲಿನ ಪತ್ರಾಗಾರದಲ್ಲಿ ಕೇಳಿ.

ಲ್ಯಾಮಿನೇಷನ್, ಸೆಲೋಟೇಪ್ ಬೇಡವೇ ಬೇಡ, ತುಕ್ಕು ಹಿಡಿದ ಪಿನ್ನನ್ನೂ ಕೀಳಬೇಡಿ, ಹಾಳೆ ಹರಿಯುತ್ತದೆ. ಪಿವಿಸಿ ಕವರಿನ ಬದಲು ಪಾಲಿಯೆಸ್ಟರ್ ಕವರ್ ಹಾಕಿ. ಜರ್ಮನಿಯಲ್ಲಿದ್ದುಕೊಂಡು ಹೊದಿಕೆಯ ಫೋಟೊ ಎಲ್ಲರಿಗೂ ಕಾಣುವಂತೆ ಹಾಕುವುದಾದರೆ ಸ್ವಸ್ತಿಕವನ್ನು ಮುಚ್ಚಿ ಹಾಕಿ. ಸಂಶೋಧನೆಗೆ ಕಾನೂನಿನಲ್ಲಿ ವಿನಾಯಿತಿ ಇದೆ, ಆದರೂ ತಂಟೆ ಯಾಕೆ?